ನಾಲ್ವರಲ್ಲಿ ಒಬ್ಬರಾಗಿಯೇ ಉಳಿದ ಗಾಯಕ

ತಂಬೂರಿಯ ಬಿರಡೆಯನ್ನು ತಿರುಗಿಸಿ ತಂತಿಯನ್ನು ಬಿಗಿ ಮಾಡಿದರೆ ಶ್ರುತಿ ಏರುತ್ತದೆ. ಉದ್ದ, ದಪ್ಪಗಳು ಬದಲಾಗದಿದ್ದರೆ, ತಂತಿಯ ಕಂಪನದ ಆವೃತ್ತಿ ಎರಡರಷ್ಟಾಗಲು ಎಳೆತ ನಾಲ್ಕರಷ್ಟಾಗಬೇಕು ಎಂಬುದು ವಿದ್ಯಾರ್ಥಿಗಳಿಗೆ ಗೊತ್ತಿರುವ ನಿಯಮ. ನಮ್ಮ ಧ್ವನಿತಂತುಗಳು ಲೋಹದ ತಂತಿಗಳಲ್ಲ, ಮೃದುವಾದ ಮಡಿಕೆಗಳು. ಅವುಗಳ ಲೆಕ್ಕ ಇಷ್ಟು ಸರಳವಲ್ಲ. ಆದರೂ ತತ್ತ್ವ ಅದೇ. ಗಂಡಸರು ಮಾತನಾಡುವಾಗ ಸೆಕೆಂಡಿಗೆ ಸುಮಾರು 120 ಸಲ ಕಂಪಿಸುವ ಈ ಮಡಿಕೆಗಳು, ಮೇಲಿನ ಸ್ವರಕ್ಕೆ ಹೋದಂತೆ ಉದ್ದವಾಗಿ, ತೆಳುವಾಗಿ, ಬಿಗಿಯಾಗುತ್ತವೆ.

ಈ ಬಿಗಿತವನ್ನೇ ಕಲೆಯಾಗಿಸಿದವರೊಬ್ಬರಿದ್ದರು. ಅವರೇ ಅಮೆರಿಕದ ಲೀವೈ ಸ್ಟಬ್ಸ್. 1960ರ ದಶಕದಲ್ಲಿ ಜಗತ್ತಿನ ಗಮನ ಸೆಳೆದ ‘ಫೋರ್ ಟಾಪ್ಸ್’ ತಂಡದ ಮುಖ್ಯ ಗಾಯಕ. ಅವರು ಹಾಡಿದ್ದು ಸೋಲ್ ಸಂಗೀತ. ಅಮೆರಿಕದ ಕಪ್ಪು ಜನರ ಚರ್ಚುಗಳಲ್ಲಿ ಬೆಳೆದ ಭಕ್ತಿಗೀತೆಯ ಆವೇಶವನ್ನು ಲೌಕಿಕ ಹಾಡಿಗೆ ತಂದ ಪ್ರಕಾರವದು.

ಸ್ಟಬ್ಸ್ ಹುಟ್ಟಿದ್ದು 1936ರಲ್ಲಿ, ಮೋಟಾರು ಕಾರುಗಳ ನಗರ ಡೆಟ್ರಾಯಿಟ್‌ನಲ್ಲಿ. ಹೈಸ್ಕೂಲು ಮುಗಿಯುವ ವಯಸ್ಸಿನಲ್ಲಿ ಅಬ್ದುಲ್ ಫಕೀರ್, ರೆನಾಲ್ಡೊ ಬೆನ್ಸನ್ ಮತ್ತು ಲಾರೆನ್ಸ್ ಪೇಟನ್ ಅವರೊಡನೆ ಸೇರಿ ತಂಡ ಕಟ್ಟಿದರು. ಫಕೀರ್ ಅವರ ತಂದೆ ಇಂದಿನ ಬಾಂಗ್ಲಾದೇಶದ ನೆಲದಿಂದ ಹೋಗಿ ಆ ಊರಿನಲ್ಲಿ ಕಾರ್ಖಾನೆ ಕೆಲಸಕ್ಕೆ ಸೇರಿದ್ದವರು. ತಂಡದ ಮೊದಲ ಧ್ವನಿಮುದ್ರಿಕೆ 1956ರಲ್ಲಿ ಬಂತು; ಯಾರೂ ಕಿವಿಗೊಡಲಿಲ್ಲ. ಕಂಪನಿಯಿಂದ ಕಂಪನಿಗೆ ಅಲೆದರೂ ಗೆಲುವು ಸಿಗಲಿಲ್ಲ. ಆದರೆ ಆ ವರ್ಷಗಳಲ್ಲಿ ಕ್ಲಬ್ಬುಗಳಲ್ಲಿ ಹಾಡಿ ಹಾಡಿ ನಾಲ್ಕು ಕಂಠಗಳೂ ಒಂದಕ್ಕೊಂದು ಹೊಂದಿಕೊಂಡವು.

1963ರಲ್ಲಿ ಅವರು ‘ಮೋಟೌನ್’ ಕಂಪನಿ ಸೇರಿದರು. ಅದನ್ನು 1959ರಲ್ಲಿ ಸ್ಥಾಪಿಸಿದ ಬೆರಿ ಗಾರ್ಡಿ ಹಿಂದೆ ಕಾರು ಕಾರ್ಖಾನೆಯಲ್ಲಿ ದುಡಿದವರು. ಒಬ್ಬೊಬ್ಬರು ಒಂದೊಂದು ಭಾಗ ಜೋಡಿಸಿ ಕಾರು ಹೊರಬರುವಂತೆ ಅಲ್ಲಿ ಹಾಡುಗಳೂ ತಯಾರಾಗುತ್ತಿದ್ದವು. ಈ ತಂಡಕ್ಕೆ ಹಾಡು ಕಟ್ಟಿಕೊಟ್ಟವರು ಬ್ರಯಾನ್ ಹಾಲೆಂಡ್, ಎಡ್ಡಿ ಹಾಲೆಂಡ್ ಸಹೋದರರು ಮತ್ತು ಲಮಾಂಟ್ ಡೋಜಿಯರ್.

ಈ ಮೂವರು ಮಾಡಿದ ಉಪಾಯ ಸ್ವಾರಸ್ಯಕರ. ಸ್ಟಬ್ಸ್ ಅವರದು ಬ್ಯಾರಿಟೋನ್, ಅಂದರೆ ಗಂಡು ದನಿಗಳಲ್ಲಿ ತೀರ ಕೆಳಗಿನದೂ ಅಲ್ಲದ, ಮೇಲಿನದೂ ಅಲ್ಲದ ನಡುವಿನ ತುಂಬು ಕಂಠ. ಅವರಿಗೆ ಸಲೀಸಾಗುವ ಶ್ರುತಿಯನ್ನು ಬಿಟ್ಟು, ಬೇಕೆಂದೇ ಎತ್ತರದಲ್ಲಿ ಹಾಡಿಸಿದರು. ಮೇಲಿನ ಸ್ವರ ಮುಟ್ಟಲು ದನಿ ಪಡುವ ಕಷ್ಟ ಕೇಳುವವರಿಗೆ ತಿಳಿಯುತ್ತಿತ್ತು. ಹಾಡು ಹಾಡಾಗಿ ಉಳಿಯದೆ ಮೊರೆಯಾಯಿತು. 1964ರಲ್ಲಿ ಮೊದಲ ಗೆಲುವು ಬಂತು. 1966ರ ‘ರೀಚ್ ಔಟ್ ಐಲ್ ಬಿ ದೇರ್’ ಅಮೆರಿಕ, ಬ್ರಿಟನ್ ಎರಡರಲ್ಲೂ ಮೊದಲ ಸ್ಥಾನಕ್ಕೇರಿತು.

ನಿಜವಾದ ಪರೀಕ್ಷೆ ಬಂದದ್ದು ಗೆದ್ದ ಮೇಲೆ. 1967ರಲ್ಲಿ ಅದೇ ಕಂಪನಿಯ ‘ಸುಪ್ರೀಮ್ಸ್’ ತಂಡದ ಹೆಸರಿನ ಮುಂದೆ ಡಯಾನಾ ರಾಸ್ ಅವರ ಹೆಸರು ಸೇರಿತು. 1970ರಲ್ಲಿ ಅವರು ತಂಡ ಬಿಟ್ಟು ಒಂಟಿಯಾಗಿ ಹಾಡಿ ದೊಡ್ಡ ಹೆಸರು ಮಾಡಿದರು. ಅದು ತಪ್ಪಲ್ಲ, ಅದೂ ಒಂದು ದಾರಿ. ಸ್ಟಬ್ಸ್ ಅವರಿಗೂ ಆ ಬಾಗಿಲು ತೆರೆದಿತ್ತು. ಅವರು ಹೋಗಲಿಲ್ಲ. ತಮ್ಮ ಹೆಸರು ಗೆಳೆಯರ ಹೆಸರಿಗಿಂತ ಮುಂದೆ ನಿಲ್ಲುವುದು ಅವರಿಗೆ ಬೇಡವಾಗಿತ್ತು. 1972ರಲ್ಲಿ ಮೋಟೌನ್ ಲಾಸ್ ಏಂಜಲೀಸ್‌ಗೆ ಸ್ಥಳಾಂತರಗೊಂಡಾಗ ನಾಲ್ವರೂ ಬೇರೆ ಕಂಪನಿ ಸೇರಿದರು. 1986ರಲ್ಲಿ ಒಂದು ಸಿನಿಮಾದ ನರಭಕ್ಷಕ ಗಿಡಕ್ಕೆ ದನಿ ಕೊಟ್ಟಾಗಲೂ ಸ್ಟಬ್ಸ್ ತಂಡ ಬಿಡಲಿಲ್ಲ. ನಾಲ್ಕು ದಶಕಗಳಿಗೂ ಮಿಕ್ಕಿ ಅದೇ ನಾಲ್ವರು ಜೊತೆಗಿದ್ದರು. ಅವರನ್ನು ಅಗಲಿಸಿದ್ದು ಸಾವು: 1997ರಲ್ಲಿ ಪೇಟನ್, 2005ರಲ್ಲಿ ಬೆನ್ಸನ್, 2008ರಲ್ಲಿ ಸ್ಟಬ್ಸ್, 2024ರಲ್ಲಿ ಫಕೀರ್.

ಇದನ್ನು ಪೋಷಕರಿಗಾಗಿಯೂ ಬರೆಯುತ್ತಿದ್ದೇನೆ. ನಾಲ್ಕು ಮಕ್ಕಳು ಸೇರಿ ಪ್ರಾಜೆಕ್ಟ್ ಮಾಡಿದರೆ, “ಹೆಚ್ಚು ಕೆಲಸ ಮಾಡಿದ್ದು ನಮ್ಮ ಹುಡುಗ, ಅವನ ಹೆಸರು ಮೊದಲು ಬರಲಿ ಸಾರ್” ಎಂದು ಕೇಳುವವರಿದ್ದಾರೆ. ಮಾತು ಸುಳ್ಳಲ್ಲದಿರಬಹುದು. ಸ್ಟಬ್ಸ್ ಅವರೂ ಹೆಚ್ಚು ಹಾಡಿದ್ದರು. ಆದರೆ ಎತ್ತರದಲ್ಲಿ ಅವರ ದನಿ ಬಿರಿಯುವಂತಾದಾಗ, ಕೆಳಗೆ ಮೂರು ದನಿಗಳು ಶ್ರುತಿ ತಪ್ಪದೆ ನಿಂತಿರುತ್ತಿದ್ದವು. ಆ ಆಸರೆಯ ಬೆಲೆ ಅವರಿಗೆ ತಿಳಿದಿತ್ತು. ಒಂದೇ ಮೊದಲ ರ‍್ಯಾಂಕಿಗಾಗಿ ಓಡುವ ನಮ್ಮ ಮಕ್ಕಳಿಗೆ ಇದನ್ನು ಯಾರು ಹೇಳಿಕೊಡಬೇಕು?

ವಿದ್ಯಾರ್ಥಿಗಳೇ, ಈ ವಾರ ಒಂದು ಪ್ರಯೋಗ ಮಾಡಿ. ನಿಮಗೆ ಇಷ್ಟವಾದ ಯಾವುದಾದರೂ ಹಾಡನ್ನು ಎರಡು ಸಲ ಕೇಳಿ. ಎರಡನೆಯ ಸಲ ಮುಖ್ಯ ಗಾಯಕರನ್ನು ಬಿಟ್ಟು, ಹಿಂದಿನ ದನಿಗಳನ್ನಷ್ಟೇ ಹಿಡಿಯಲು ಯತ್ನಿಸಿ. ಎಷ್ಟು ಜನರಿದ್ದಾರೆಂದು ಎಣಿಸಿ.