ಹಾಡೂ ತನ್ನದೇ, ಲೆಕ್ಕವೂ ತನ್ನದೇ

‘ಹಾಡು ಹೊಟ್ಟೆಗೆ ಹಿಟ್ಟು ಕೊಡುತ್ತದೆಯೇ?’ ಪರೀಕ್ಷೆ ಹತ್ತಿರ ಬಂದಾಗಲೂ ಹಾರ್ಮೋನಿಯಂ ಮುಂದೆಯೋ ಗಿಟಾರ್ ಹಿಡಿದೋ ಕುಳಿತ ಮಕ್ಕಳನ್ನು ಕಂಡು ತಂದೆತಾಯಿ ಈ ಮಾತು ಆಡದ ಮನೆ ಅಪರೂಪ. ಪ್ರಶ್ನೆಯಲ್ಲಿ ತಪ್ಪೇನೂ ಇಲ್ಲ. ‘ಇಲ್ಲ’ ಎಂಬ ಉತ್ತರವನ್ನು ಮೊದಲೇ ಬರೆದಿಟ್ಟುಕೊಂಡು ಕೇಳುವುದು ಮಾತ್ರ ತಪ್ಪು. ಕೆನಡಾದ ಗಾಯಕಿ, ಗೀತರಚನಕಾರ್ತಿ ಲೊರೀನಾ ಮೆಕೆನಿಟ್ ಅವರ ಬದುಕು ಈ ಪ್ರಶ್ನೆಗೆ ಬೇರೆಯೇ ಉತ್ತರ ಕೊಡುತ್ತದೆ.

ಲೊರೀನಾ ಹುಟ್ಟಿದ್ದು 1957ರಲ್ಲಿ, ಮ್ಯಾನಿಟೋಬಾ ಪ್ರಾಂತ್ಯದ ಮಾರ್ಡನ್ ಎಂಬ ಸಣ್ಣ ಊರಿನಲ್ಲಿ. ಗೋಧಿ ಹೊಲ, ದನಕರುಗಳ ಸೀಮೆ ಅದು. ಬಾಲ್ಯದಲ್ಲಿ ಪಿಯಾನೊ ಕಲಿತರೂ ಆಕೆಯ ಆಸೆ ಪಶುವೈದ್ಯೆ ಆಗುವುದು. ಓದಿಗೆಂದು ವಿನಿಪೆಗ್ ನಗರಕ್ಕೆ ಹೋದಾಗ ಅಲ್ಲಿನ ಜಾನಪದ ಸಂಗೀತ ಕೂಟಗಳು ಸೆಳೆದವು. ಪಶುವೈದ್ಯದ ಆಸೆ ಹಿಂದೆ ಸರಿಯಿತು. 1981ರಲ್ಲಿ ಆಕೆ ಒಂಟಾರಿಯೋದ ಸ್ಟ್ರಾಟ್‌ಫರ್ಡ್‌ಗೆ ಬಂದು ನೆಲೆಸಿದರು. ಶೇಕ್ಸ್‌ಪಿಯರ್ ನಾಟಕೋತ್ಸವಕ್ಕೆ ಹೆಸರಾದ ಆ ಊರಿನಲ್ಲಿ ರಂಗಭೂಮಿಯ ಕೆಲಸ ಸಿಕ್ಕಿತು.

ಆಕೆ ಒಲಿಸಿಕೊಂಡ ವಾದ್ಯ ಹಾರ್ಪ್. ದೊಡ್ಡ ಮುಕ್ಕೋನದ ಚೌಕಟ್ಟಿಗೆ ಬಿಗಿದ ಸಾಲು ತಂತಿಗಳ ವಾದ್ಯವಿದು. ಉದ್ದದ ತಂತಿ ನಿಧಾನವಾಗಿ ಕಂಪಿಸಿ ತಗ್ಗಿನ ಸ್ವರ ಕೊಡುತ್ತದೆ, ಗಿಡ್ಡ ತಂತಿ ವೇಗವಾಗಿ ಕಂಪಿಸಿ ಏರುಸ್ವರ ಕೊಡುತ್ತದೆ. ಪ್ರೌಢಶಾಲೆಯ ಶಬ್ದದ ಪಾಠವೆಲ್ಲ ಈ ಒಂದು ಚೌಕಟ್ಟಿನಲ್ಲಿದೆ.

ವಾದ್ಯ ಬಂತು, ಕಂಠವಿತ್ತು. ಮುಂದೇನು? ಆ ಕಾಲದ ರೂಢಿಯ ದಾರಿ ಧ್ವನಿಮುದ್ರಣ ಕಂಪನಿಯ ಬಾಗಿಲು ತಟ್ಟುವುದು. ಕಂಪನಿ ಮುಂಗಡ ಹಣ ಕೊಡುತ್ತದೆ, ಸ್ಟುಡಿಯೊ ಖರ್ಚು ಹಾಕುತ್ತದೆ. ಆದರೆ ಆ ಹಣವನ್ನು ಕಲಾವಿದನ ಪಾಲಿನ ಗೌರವಧನದಿಂದಲೇ ಮುರಿದುಕೊಳ್ಳುವುದು ಸಾಮಾನ್ಯ ಪದ್ಧತಿ. ಎಲ್ಲ ತೀರಿದ ಮೇಲೂ ಮೂಲ ಮುದ್ರಿಕೆಯ ಒಡೆತನ ಕಂಪನಿಯದಾಗಿಯೇ ಉಳಿಯುವುದು ಹೆಚ್ಚು. ಸಾಲ ತೀರಿಸಿದವನು ಒಬ್ಬ, ಮನೆಯ ಪತ್ರ ಇನ್ನೊಬ್ಬನ ಹೆಸರಿನಲ್ಲಿ!

ಲೊರೀನಾ ಬೇರೆ ದಾರಿ ಹಿಡಿದರು. ಅದಕ್ಕೆ ನೆರವಾದದ್ದು ಒಂದು ಪುಸ್ತಕ. ಧ್ವನಿಮುದ್ರಿಕೆಯನ್ನು ತಾವೇ ತಯಾರಿಸಿ ತಾವೇ ಮಾರುವುದು ಹೇಗೆಂದು ಡಯೇನ್ ರಾಪಪೋರ್ಟ್ ಎಂಬ ಅಮೆರಿಕದ ಲೇಖಕಿ ಬರೆದ ಕೈಪಿಡಿ ಅದು. ಪಠ್ಯಪುಸ್ತಕ ಓದುವಂತೆ ಅದನ್ನು ಓದಿದ ಲೊರೀನಾ 1985ರಲ್ಲಿ ‘ಕ್ವಿನ್ಲನ್ ರೋಡ್’ ಎಂಬ ಸ್ವಂತ ಸಂಸ್ಥೆ ಕಟ್ಟಿದರು. ‘ಎಲಿಮೆಂಟಲ್’ ಎಂಬ ಒಂಬತ್ತು ಹಾಡುಗಳ ಮೊದಲ ಮುದ್ರಿಕೆ ಒಂದೇ ವಾರದಲ್ಲಿ ತಯಾರಾಯಿತು. ಸಂಸ್ಥೆಯ ಕಚೇರಿ ಎಂದರೆ ಅಡುಗೆಮನೆಯ ಮೇಜು.

ಮಾರಾಟಕ್ಕೆ ಟೊರಾಂಟೊ ನಗರದ ಸೇಂಟ್ ಲಾರೆನ್ಸ್ ಮಾರ್ಕೆಟ್ ಇತ್ತು. ತರಕಾರಿ, ಮೀನು, ಬ್ರೆಡ್ಡು ಕೊಳ್ಳಲು ಬರುವ ಜನರ ನಡುವೆ ಹಾರ್ಪ್ ಇಟ್ಟುಕೊಂಡು ಹಾಡುವುದು, ಮೆಚ್ಚಿ ನಿಂತವರಿಗೆ ಕ್ಯಾಸೆಟ್ ಮಾರುವುದು. ಇಷ್ಟೇ ಆಗಿದ್ದರೆ ಅದು ಬೀದಿ ಗಾಯನದ ಕಥೆಯಾಗಿ ಮುಗಿಯುತ್ತಿತ್ತು. ಆಕೆ ಕೇಳಿದವರ ಹೆಸರು, ವಿಳಾಸಗಳನ್ನೂ ಸಂಗ್ರಹಿಸುತ್ತ ಹೋದರು. ಆ ಪಟ್ಟಿ ಬೆಳೆದಂತೆ, ಯಾವ ಊರಿನಲ್ಲಿ ತನ್ನ ಕೇಳುಗರಿದ್ದಾರೆ, ಎಲ್ಲಿ ಕಛೇರಿ ಇಟ್ಟರೆ ಖರ್ಚು ಹುಟ್ಟುತ್ತದೆ ಎಂಬುದು ತಿಳಿಯುತ್ತಿತ್ತು. ಹೊಸ ಮುದ್ರಿಕೆ ಬಂದಾಗ ಅಂಚೆಯಲ್ಲಿ ಸುದ್ದಿ ತಲುಪುತ್ತಿತ್ತು. ಪ್ರಯೋಗಶಾಲೆಯ ಟಿಪ್ಪಣಿ ಪುಸ್ತಕದಷ್ಟೇ ಶಿಸ್ತು ಬೇಡುವ ಕೆಲಸವಿದು.

1987 ಮತ್ತು 1989ರಲ್ಲಿ ಇನ್ನೆರಡು ಮುದ್ರಿಕೆಗಳು ಹೊರಬಂದವು. ಕೇಳುಗರ ಬಳಗ ಗಟ್ಟಿಯಾದ ಮೇಲೆಯೇ ದೊಡ್ಡ ಕಂಪನಿಯ ಜತೆ ಒಪ್ಪಂದವಾದದ್ದು. 1991ರ ‘ದಿ ವಿಸಿಟ್’ ವಾರ್ನರ್ ಮೂಲಕ ಮಾರುಕಟ್ಟೆಗೆ ಬಂತು. ಹಂಚಿಕೆ ಕಂಪನಿಯದು, ಒಡೆತನ ಲೊರೀನಾ ಅವರದೇ. ಕೈಯಲ್ಲಿ ಏನೂ ಇಲ್ಲದೆ ಹೋಗಿದ್ದರೆ ಇಂಥ ಷರತ್ತು ಸಿಗುತ್ತಿತ್ತೇ?

ಹಾಡಿನ ಹಿಂದೆ ಅಧ್ಯಯನವೂ ಇತ್ತು. 1991ರಲ್ಲಿ ವೆನಿಸ್ ನಗರದಲ್ಲಿ ಕೆಲ್ಟಿಕ್ ಜನಾಂಗವನ್ನು ಕುರಿತ ದೊಡ್ಡ ಪ್ರದರ್ಶನ ನಡೆಯಿತು. ಅದನ್ನು ನೋಡುವವರೆಗೂ ಆಕೆಗೆ ಕೆಲ್ಟರೆಂದರೆ ಐರ್ಲೆಂಡ್, ಸ್ಕಾಟ್ಲೆಂಡ್ ಕಡೆಯವರು. ಯೂರೋಪಿನ ಉದ್ದಗಲಕ್ಕೂ ಅವರು ಹಬ್ಬಿದ್ದ ಸಂಗತಿ ಅಲ್ಲಿ ತಿಳಿಯಿತು. ಆ ಜಾಡು ಹಿಡಿದು ಓದಿದರು, ದೇಶ ಸುತ್ತಿದರು. ಆಕೆಯ ಹಾಡುಗಳಲ್ಲಿ ಸ್ಪೇನ್, ಮೊರಾಕೊ, ತುರ್ಕಿಯ ನಾದಗಳು ಬೆರೆತದ್ದು ಹೀಗೆ. 1997ರ ‘ದಿ ಬುಕ್ ಆಫ್ ಸೀಕ್ರೆಟ್ಸ್’ ಲೋಕಪ್ರಸಿದ್ಧವಾಯಿತು. ಆಕೆಯ ಮುದ್ರಿಕೆಗಳ 1.4 ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾಗಿವೆ.

ಯಶಸ್ಸಿನ ಆ ಎತ್ತರದಲ್ಲೇ ಪೆಟ್ಟು ಬಿತ್ತು. 1998ರ ಜುಲೈನಲ್ಲಿ ಹ್ಯೂರಾನ್ ಸರೋವರದ ಜಾರ್ಜಿಯನ್ ಕೊಲ್ಲಿಯಲ್ಲಿ ದೋಣಿ ಅವಘಡವಾಗಿ ಲೊರೀನಾ ಮದುವೆಯಾಗಬೇಕಿದ್ದವರು, ಅವರ ಸಹೋದರ ಹಾಗೂ ಒಬ್ಬ ಸ್ನೇಹಿತ ತೀರಿಕೊಂಡರು. ಆ ವರ್ಷ ನಡೆದಿದ್ದ ಕಛೇರಿಗಳ ಮುದ್ರಿಕೆ 1999ರಲ್ಲಿ ಹೊರಬಂದಾಗ ಅದರ ಆದಾಯವನ್ನು ಆಕೆ ಕುಕ್–ರೀಸ್ ಸ್ಮಾರಕ ನಿಧಿಗೆ ಕೊಟ್ಟರು. ನೀರಿನಲ್ಲಿ ಸುರಕ್ಷತೆ, ಶೋಧ ಮತ್ತು ರಕ್ಷಣೆಗಾಗಿ ಆಕೆಯೇ ಸ್ಥಾಪಿಸಿದ ನಿಧಿ ಅದು. ಮುದ್ರಿಕೆ ತನ್ನದಾಗಿದ್ದುದರಿಂದಲೇ ಹಣ ಎಲ್ಲಿಗೆ ಹೋಗಬೇಕೆಂದು ನಿರ್ಧರಿಸುವ ಅಧಿಕಾರವೂ ಆಕೆಗಿತ್ತು. ಆಮೇಲೆ ಹೊಸ ಹಾಡುಗಳ ಮುದ್ರಿಕೆ ಬಂದದ್ದು 2006ರಲ್ಲಿ. ಅಷ್ಟು ವರ್ಷ ಸುಮ್ಮನಿರಲು ಯಾರ ಅಪ್ಪಣೆಯೂ ಬೇಕಾಗಲಿಲ್ಲ. ಸ್ವಾತಂತ್ರ್ಯದ ನಿಜವಾದ ಬೆಲೆ ತಿಳಿಯುವುದು ಇಂಥ ಹೊತ್ತಿನಲ್ಲಿ.

ಈ ನಡುವೆ, 2000ದಲ್ಲಿ ಆಕೆ ಸ್ಟ್ರಾಟ್‌ಫರ್ಡ್‌ನಲ್ಲಿ ಮುಚ್ಚಿದ್ದ ಫಾಲ್ಸ್ಟಾಫ್ ಶಾಲೆಯ ಕಟ್ಟಡವನ್ನು ಕೊಂಡರು. ಅದು ಮಕ್ಕಳಿಗೂ ಕುಟುಂಬಗಳಿಗೂ ನೆರವಾಗುವ ಕೇಂದ್ರವಾಯಿತು. 2018ರ ಡಿಸೆಂಬರಿನಲ್ಲಿ, ಖಾಸಗಿ ಮಾಹಿತಿಯ ದುರುಪಯೋಗವನ್ನು ಒಪ್ಪದೆ ಫೇಸ್‌ಬುಕ್ ತೊರೆದರು. ಕೇಳುಗರ ಪಟ್ಟಿ ಸ್ವಂತದ್ದಾಗಿ ಇರುವವರಿಗೆ ಇಂಥ ಹೆಜ್ಜೆ ಇಡುವುದು ಸುಲಭ.

ಮಾರ್ಕೆಟ್ಟಿನಲ್ಲಿ ಹಾಡುವವರೆಲ್ಲ ಲೊರೀನಾ ಆಗುವುದಿಲ್ಲ. ಕ್ಯಾಸೆಟ್ ಮಾರಿ ಬದುಕುವ ಕಾಲವೂ ಮುಗಿದಿದೆ. ಇಂದು ಫೋನಿನಲ್ಲಿ ಒಮ್ಮೆ ಹಾಡು ಕೇಳಿದರೆ ಕಲಾವಿದನಿಗೆ ಸಿಗುವುದು ಪುಡಿಗಾಸು. ಆದರೆ ಆಕೆಯ ಕ್ರಮ ಹಳತಾಗಿಲ್ಲ. ಓದಿ ತಿಳಿಯುವುದು, ಸಣ್ಣದಾಗಿ ತೊಡಗುವುದು, ಲೆಕ್ಕ ಬರೆದಿಡುವುದು, ಸಹಿ ಹಾಕುವ ಮುನ್ನ ಕರಾರುಪತ್ರ ಓದುವುದು. ಹಾಡು ಕಟ್ಟುವ ಮಕ್ಕಳು ಇವನ್ನೂ ಕಲಿಯಲಿ. ಮಕ್ಕಳನ್ನು ಗದರಿಸುವ ಪಾಲಕರು ಒಂದು ಸಂಜೆ ಅವರ ಹಾಡನ್ನು ಪೂರ್ತಿ ಕೇಳಲಿ. ಆಮೇಲೆ ‘ಇದಕ್ಕೆ ಖರ್ಚೆಷ್ಟು, ಕೇಳುವವರು ಯಾರು?’ ಎಂದು ವಿಚಾರಿಸಲಿ. ಮಗ ಅಥವಾ ಮಗಳು ಉತ್ತರ ಹುಡುಕಲು ಪೆನ್ನು ಕಾಗದ ಎತ್ತಿಕೊಂಡರೆ ಹೆದರಬೇಕಾದ್ದಿಲ್ಲ.