ರಂಗೋಲಿ ಪುಡಿಯಲ್ಲಿ ಬರೆದ ಎಂಟು

ಸೋದರಿಯರೇ, ಕಳೆದ ಸಂಚಿಕೆಯಲ್ಲಿ ನಿಂಬೆ ಉಪ್ಪಿನಕಾಯಿಗೆ ಬೂಸಲು ಹಿಡಿಯದಂತೆ ನೋಡಿಕೊಳ್ಳುವುದು ಹೇಗೆಂದು ಬರೆದಿದ್ದೆ. ಈ ಸಲ ಅಡಿಗೆಮನೆಯಿಂದ ಸ್ವಲ್ಪ ಆಚೆ ಬರುತ್ತೇನೆ. ನಲವತ್ತನಾಲ್ಕನೆಯ ವಯಸ್ಸಿನಲ್ಲಿ ನಾನು ಗಾಡಿ ಓಡಿಸುವ ಲೈಸೆನ್ಸ್ ತೆಗೆದುಕೊಂಡೆ. "ಅಯ್ಯೋ, ಇದೇನು ಮಹಾ, ನಮ್ಮ ಬೀದಿ ಹುಡುಗೀರೆಲ್ಲ ಝುಮ್ ಅಂತ ಹೋಗ್ತಾರೆ" ಅಂತ ನೀವು ಅನ್ನಬಹುದು. ಹೋಗುತ್ತಾರೆ, ನಿಜ. ಅವರಲ್ಲಿ ಎಷ್ಟು ಜನರ ಹತ್ತಿರ ಲೈಸೆನ್ಸ್ ಇದೆ ಅಂತ ಒಮ್ಮೆ ಕೇಳಿ ನೋಡಿ. ನಮ್ಮ ಮನೆಯಲ್ಲಿ ಯಜಮಾನರ ಹತ್ತಿರ ಬಿಟ್ಟರೆ ಯಾರ ಹತ್ತಿರವೂ ಇರಲಿಲ್ಲ. ಅದಕ್ಕೇ ಈ ಕಥೆ.

ಹೋದ ಕಾರ್ತಿಕದ ಚಳಿಯಲ್ಲಿ ಒಂದು ರಾತ್ರಿ ಮಾವನವರಿಗೆ ಉಬ್ಬಸ ಜೋರಾಯಿತು. ನಮ್ಮವರಿಗೆ ನಂಜನಗೂಡಿನ ಕಾರ್ಖಾನೆಯಲ್ಲಿ ರಾತ್ರಿ ಪಾಳಿ. ನಮ್ಮ ಕವಲಂದೆಗೆ ರೈಲೂ ಇದೆ, ಬಸ್ಸೂ ಇದೆ. ಆದರೆ ನಡುರಾತ್ರಿಯ ಉಬ್ಬಸಕ್ಕೆ ಯಾವುದು ಬಂದು ನಿಲ್ಲುತ್ತೆ ಹೇಳಿ? ಆಟೋದವರು ಫೋನ್ ಎತ್ತಲಿಲ್ಲ. 108ಕ್ಕೆ ಫೋನ್ ಮಾಡುವ ಬುದ್ಧಿ ಆ ಗಾಬರಿಯಲ್ಲಿ ಹೊಳೆಯಲೇ ಇಲ್ಲ. (ನೀವು ಮರೆಯಬೇಡಿ. ಆ ನಂಬರನ್ನು ನಾನೀಗ ಕ್ಯಾಲೆಂಡರಿನ ಮೇಲೆ ದಪ್ಪಗೆ ಬರೆದು ನೇತುಹಾಕಿದ್ದೇನೆ.) ಮೊದಲನೇ ಪಿಯುಸಿ ಓದುವ ಮಗ, ಹದಿನಾರು ವರ್ಷದವನು, "ಅಮ್ಮಾ, ನಾನು ಓಡಿಸ್ತೀನಿ ಬಾ" ಎಂದು ಸ್ಕೂಟಿ ತೆಗೆದ. ಮಧ್ಯೆ ತಾತ, ಹಿಂದೆ ನಾನು. ಮೂವರ ತಲೆಯ ಮೇಲೂ ಹೆಲ್ಮೆಟ್ ಇಲ್ಲ, ಮಾವನವರ ಮಫ್ಲರ್ ಒಂದನ್ನು ಬಿಟ್ಟರೆ.

ಹೋಗುವಾಗ ದೇವರು ಕಾಪಾಡಿದ. ಆಸ್ಪತ್ರೆಯಲ್ಲಿ ನೆಬುಲೈಸರ್ ಇಟ್ಟರು, ಗಂಟೆ ಹೊತ್ತಿನಲ್ಲಿ ಉಸಿರು ಹದಕ್ಕೆ ಬಂತು. ಮಾವನವರನ್ನು ಅಲ್ಲೇ ಮಲಗಿಸಿ, ಪಾಳಿ ಮುಗಿಸಿ ಬಂದ ಇವರನ್ನು ಪಕ್ಕದಲ್ಲಿ ಕೂರಿಸಿ, ಬಟ್ಟೆಬರೆ ತರೋಣವೆಂದು ಬೆಳಗಿನ ಜಾವ ನಾವಿಬ್ಬರೇ ಊರಿಗೆ ಹೊರಟೆವು. ಮಂಜು. ಮುಂದೆ ಕಬ್ಬು ತುಂಬಿದ ಟ್ರ್ಯಾಕ್ಟರ್, ಹಿಂದೆ ಒಂದು ಕೆಂಪು ದೀಪವೂ ಇಲ್ಲ. ಮಗ ಬ್ರೇಕ್ ಹಿಡಿದ, ಗಾಡಿ ಜಾರಿತು, ಇಬ್ಬರೂ ರಸ್ತೆ ಪಕ್ಕದ ಮಣ್ಣಿನಲ್ಲಿ ಬಿದ್ದೆವು. ಅವನ ಮೊಣಕಾಲು ತರಚಿತು, ನನ್ನ ಎರಡು ಬಳೆ ಒಡೆದವು, ಅಷ್ಟೆ. ಆದರೆ ಆ ಹುಡುಗ ನಡುಗುತ್ತಾ "ಅಪ್ಪಂಗೆ ಹೇಳ್ಬೇಡ ಕಣಮ್ಮಾ" ಅಂದಾಗ ನನ್ನ ಹೊಟ್ಟೆ ಉರಿದುಹೋಯಿತು. ದೊಡ್ಡವಳು ನಾನು. ಮಗುವಿನ ಕೈಗೆ ಗಾಡಿ ಕೊಟ್ಟು ಹಿಂದೆ ಕೂತವಳೂ ನಾನೇ.

ಹೇಳದೆ ಇರಲಿಲ್ಲ, ಹೇಳಿದೆ. ಇವರು ಬೈಯಲಿಲ್ಲ, ಸುಮ್ಮನಾದರು. ಅದು ಇನ್ನೂ ಕಷ್ಟ. ಭಾನುವಾರ ಬಂದಿದ್ದ ನಾದಿನಿಯ ಗಂಡ ಪೊಲೀಸ್ ಇಲಾಖೆಯವರು. ಅವರು ಬಿಡಿಸಿ ಹೇಳಿದ ಮೇಲೆ ನನ್ನ ಕೈಕಾಲು ತಣ್ಣಗಾಯಿತು. 2019ರ ತಿದ್ದುಪಡಿಯಾದ ಮೇಲೆ, ಹದಿನೆಂಟು ತುಂಬದ ಮಕ್ಕಳು ಗಾಡಿ ಓಡಿಸಿ ತಪ್ಪು ಮಾಡಿದರೆ ಶಿಕ್ಷೆ ತಂದೆತಾಯಿಗೆ ಅಥವಾ ಗಾಡಿಯ ಮಾಲೀಕರಿಗೆ: 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು. ಗಾಡಿಯ ನೋಂದಣಿ 12 ತಿಂಗಳು ರದ್ದು. ಹುಡುಗನಿಗೆ 25 ವರ್ಷ ತುಂಬುವ ತನಕ ಲೈಸೆನ್ಸೇ ಸಿಕ್ಕುವುದಿಲ್ಲ. ಯಾರಿಗಾದರೂ ಡಿಕ್ಕಿಯಾಗಿದ್ದರೆ ವಿಮೆ ಕಂಪನಿ ಅವರಿಗೆ ಕೊಟ್ಟ ಹಣವನ್ನು ನಮ್ಮಿಂದಲೇ ವಸೂಲಿ ಮಾಡಬಹುದು. "ಹದಿನಾರಕ್ಕೇ ಲೈಸೆನ್ಸ್ ಕೊಡ್ತಾರಂತಲ್ಲ ಭಾವ" ಅಂದೆ. "ಕೊಡ್ತಾರೆ ಅಕ್ಕಾ, 50 ಸಿ.ಸಿ. ಒಳಗಿನ ಗೇರಿಲ್ಲದ ಗಾಡಿಗೆ ಮಾತ್ರ. ನಿಮ್ಮ ಸ್ಕೂಟಿ 110" ಅಂದರು. ಸ್ಕೂಟಿ ಇರುವುದು ನನ್ನ ಹೆಸರಿನಲ್ಲಿ, ತವರಿನವರು ಕೊಡಿಸಿದ್ದು.

ಅಂದು ರಾತ್ರಿ ಮುದ್ದೆ ಬಡಿಸುತ್ತಾ "ಏನ್ರೀ, ನಾನೇ ಕಲೀತೀನಿ" ಅಂದೆ. "ಈ ವಯಸ್ನಲ್ಲಾ?" ಅಂದರು ಇವರು. ಅವರ ಬಾಯಿ ಮುಚ್ಚಿಸಿದ್ದು ಮಾವನವರು. "ನಿಮ್ಮಮ್ಮನೂ ಕೇಳಿದ್ಳು ಕಣೋ. ನಾನೇ ನಕ್ಕುಬಿಟ್ಟಿದ್ದೆ."

ಮಾವನವರ ಈ ಮಾತಿಗೆ ಹಿನ್ನೆಲೆ ಇದೆ. ಅವರ ಹತ್ತಿರ ಯೆಜ್ದಿ ಇತ್ತು. ಮೈಸೂರಿನವರಿಗೆ ಯೆಜ್ದಿ ಅಂದರೆ ಮನೆಮಗ ಇದ್ದ ಹಾಗೆ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಜಾವಾ, 1973ರಿಂದ ಯೆಜ್ದಿ ತಯಾರಾಗುತ್ತಿದ್ದವು. 1996ರಲ್ಲಿ ಅದು ಬಾಗಿಲು ಹಾಕಿತು. ಆ ಗಾಡಿಯಲ್ಲಿ ಕಿಕ್ ಹೊಡೆಯುವ ಕಡ್ಡಿಯೇ ಗೇರ್ ಹಾಕುವ ಕಡ್ಡಿಯೂ ಹೌದು. ಅದನ್ನು ಮಾವನವರು ಇವತ್ತಿಗೂ ಕೈಯಾಡಿಸಿ ವರ್ಣಿಸುತ್ತಾರೆ. ಅತ್ತೆಯವರು ಇಪ್ಪತ್ತು ವರ್ಷ ಅದರ ಹಿಂದೆ ಒಂದೇ ಪಕ್ಕಕ್ಕೆ ಕಾಲು ಬಿಟ್ಟು ಕೂತೇ ಹೋದರು. ಈಗ ಕಡಕೊಳದ ಹತ್ತಿರ ಟಿ.ವಿ.ಎಸ್. ಕಾರ್ಖಾನೆ ಇದೆ. ಮೈಸೂರಿಗೆ ಹೋಗುವಾಗಲೆಲ್ಲ ಆ ಕಡೆ ತಿರುಗಿ ನೋಡುತ್ತೇನೆ. ಗಾಡಿ ಹುಟ್ಟುವ ಸೀಮೆಯಲ್ಲೇ ಇದ್ದು ಗಾಡಿ ಹಿಡಿಯಲು ಬಾರದವಳು ನಾನಾಗಿದ್ದೆ.

ಅರ್ಜಿಯನ್ನು ಕಂಪ್ಯೂಟರಿನಲ್ಲಿ 'ಸಾರಥಿ' ಎಂಬ ತಾಣದಲ್ಲಿ ಹಾಕಬೇಕು; ಮಗನೇ ಹಾಕಿಕೊಟ್ಟ. ಅದರಲ್ಲಿ ನಮ್ಮ ಸ್ಕೂಟಿಗೆ ಇರುವ ಹೆಸರು 'ಗೇರ್ ರಹಿತ ಮೋಟಾರ್ ಸೈಕಲ್'. ಓದಿ ನನಗೆ ಎಷ್ಟು ಹೆಮ್ಮೆ ಅಂತೀರಿ! ಗೇರಿನದಕ್ಕೆ ಲೈಸೆನ್ಸ್ ತೆಗೆದರೆ ಎರಡನ್ನೂ ಓಡಿಸಬಹುದು, ಗೇರಿಲ್ಲದ್ದಕ್ಕೆ ತೆಗೆದರೆ ಗೇರಿನ ಗಾಡಿ ಮುಟ್ಟುವಂತಿಲ್ಲ. ವಯಸ್ಸಿನ ಹುಡುಗಿಯರಿದ್ದರೆ ಗೇರಿನದನ್ನೇ ಕಲಿಯಲಿ. ನನಗೆ ಇಷ್ಟು ಸಾಕು.

ನಲವತ್ತು ದಾಟಿದವರು ಡಾಕ್ಟರ ಸರ್ಟಿಫಿಕೇಟ್ ಕೊಡಬೇಕು, ಫಾರಂ 1-ಎ ಅಂತಾರೆ. ಅದರ ಜೊತೆಗೆ ನಾವೇ ಬರೆದುಕೊಡುವ ಫಾರಂ ಒಂದಿದೆ. ಹಗಲು ಬೆಳಕಿನಲ್ಲಿ 25 ಮೀಟರ್ ದೂರದ ಕಾರಿನ ನಂಬರ್ ಓದಲು ಬರುತ್ತದೆಯೇ ಎಂಬ ಪ್ರಶ್ನೆ ಅದರಲ್ಲಿ. ಅಂಗಳದಲ್ಲಿ ನಿಂತು ಪಕ್ಕದ ಮನೆಯ ಕಾರು ನೋಡಿದೆ, 3 ಯಾವುದು 8 ಯಾವುದು ತಿಳಿಯಲಿಲ್ಲ! ಕನ್ನಡಕ ಬಂತು. ಎರಡು ವರ್ಷದಿಂದ ಅಕ್ಕಿಯಲ್ಲಿ ಕಲ್ಲು ಉಳಿಯುತ್ತಿದೆ ಎಂದು ಅಂಗಡಿಯವನನ್ನು ಬೈಯುತ್ತಿದ್ದೆ. ಪಾಪ, ಅವನ ತಪ್ಪಲ್ಲ.

ಕಲಿಕೆಯ ಲೈಸೆನ್ಸಿಗೆ ಗಣಕಯಂತ್ರದ ಮುಂದೆ ಪರೀಕ್ಷೆ. ತ್ರಿಕೋನದ ಫಲಕ ಎಚ್ಚರಿಕೆಗೆ, ದುಂಡಗಿನದು ಕಡ್ಡಾಯಕ್ಕೆ, ಚೌಕದ್ದು ಮಾಹಿತಿಗೆ ಎಂಬುದನ್ನು ಒಗ್ಗರಣೆ ಹಾಕುತ್ತಲೇ ಬಾಯಿಪಾಠ ಮಾಡಿದೆ. ಪಾಸಾಯಿತು. ಅದು ಆರು ತಿಂಗಳು ನಡೆಯುತ್ತದೆ; 30 ದಿನ ಕಳೆದ ಮೇಲೆ ದೊಡ್ಡ ಪರೀಕ್ಷೆಗೆ ಹೋಗಬಹುದು. ಅಲ್ಲಿಯವರೆಗೆ ಗಾಡಿಯ ಮುಂದೆ ಹಿಂದೆ ಬಿಳಿಯ ಮೇಲೆ ಕೆಂಪು 'ಎಲ್' ಇರಬೇಕು. ಕಲಿಸುವವರನ್ನು ಬಿಟ್ಟು ಬೇರೆ ಯಾರನ್ನೂ ಹಿಂದೆ ಕೂರಿಸುವಂತಿಲ್ಲ.

ನಮ್ಮವರು ರಜಾದಿನ ಹಿಂದೆ ಕೂತು ಕಲಿಸಿದರು. ಕಲಿಸಿದರು ಅಂದರೆ, ಕಿವಿಯಲ್ಲಿ ಕಿರುಚಿದರು. ನಿಜವಾಗಿ ಕಲಿತದ್ದು ಊರಾಚೆ ರಾಗಿ ಒಕ್ಕುವ ಕಣದಲ್ಲಿ, ಮಾವನವರು ಕಲ್ಲಿನ ಮೇಲೆ ಕೂತು ಹೇಳಿಕೊಟ್ಟಾಗ. ಪರೀಕ್ಷೆಯಲ್ಲಿ ಎಂಟರ ಅಂಕಿಯ ಮೇಲೆ ಕಾಲೂರದೆ ಗಾಡಿ ತಿರುಗಿಸಬೇಕಲ್ಲ, ಅದಕ್ಕೆ ಸೇರು ರಂಗೋಲಿ ಪುಡಿ ತೆಗೆದುಕೊಂಡು ಹೋಗಿ ಕಣದ ತುಂಬ ಎಂಟು ಬರೆದೆ. ಹೆಬ್ಬಾಗಿಲಿಗೆ ಹದಿನೈದು ಚುಕ್ಕಿ ಇಡುವ ಕೈಗೆ ಎಂಟೇನು ಕಷ್ಟ? ಬರೆಯುವುದು ಸುಲಭ, ಅದರ ಮೇಲೆ ಹೋಗುವುದು ಬೇರೆ. "ಚಕ್ರ ನೋಡ್ಬೇಡಮ್ಮ, ಹೋಗೋ ಕಡೆ ನೋಡು. ಕತ್ತು ತಿರುಗಿದ ಕಡೆ ಗಾಡಿ ತಿರುಗ್ತದೆ" ಎನ್ನುತ್ತಿದ್ದರು. ಆಕ್ಸಿಲರೇಟರ್ ಸಣ್ಣಗೆ ಒಂದೇ ಸಮ ಇಟ್ಟು, ಹಿಂದಿನ ಬ್ರೇಕ್ ಅನ್ನು ಎಡಗೈಯಲ್ಲಿ ಮೆಲ್ಲಗೆ ಹಿಡಿದು ಬಿಡುತ್ತಿದ್ದರೆ ಗಾಡಿ ತೂಗಾಡುವುದಿಲ್ಲ. ಸಣ್ಣ ಉರಿಯಲ್ಲಿ ಪಾಕ ಕಾಯಿಸುವ ಹಾಗೆ.

ಉಡುಪಿನ ವಿಷಯ ಕೇಳುತ್ತೀರೆಂದು ಗೊತ್ತು. ಕಲಿಯುವಾಗ ಚೂಡಿದಾರ್ ಹಾಕಿದೆ, ದುಪಟ್ಟಾವನ್ನು ಸೊಂಟಕ್ಕೆ ಬಿಗಿದು. ಈಗ ಸೀರೆಯಲ್ಲೂ ಓಡಿಸುತ್ತೇನೆ, ಸೆರಗಿಗೆ ಎರಡು ಪಿನ್ನು. ಹಿಂದಿನ ಚಕ್ರಕ್ಕೆ ಬಟ್ಟೆ ಸಿಕ್ಕದಂತೆ ಮರೆ ಇರಲೇಬೇಕೆಂದು ನಿಯಮವೇ ಇದೆ. ಚೆಂದ ಕಾಣುವುದಿಲ್ಲವೆಂದು ಹುಡುಗರು ಬಿಚ್ಚಿಹಾಕುತ್ತಾರೆ, ಬಿಡಬೇಡಿ. ತುರುಬಿನ ಮೇಲೆ ಹೆಲ್ಮೆಟ್ ಕೂರದು, ಕತ್ತಿನ ಹತ್ತಿರ ತಗ್ಗಿಗೆ ಜಡೆ ಹಾಕಬೇಕು. ಐ.ಎಸ್.ಐ. ಗುರುತು ನೋಡಿ ಕೊಳ್ಳಿ. ಹಿಂದೆ ಕೂರುವವರಿಗೂ ಒಂದು ಬೇಕು.

ಪರೀಕ್ಷೆಯ ದಿನ ಹೊರಗೆ ಕಾಯಬೇಕಾದೀತೆಂದು ಗೊಜ್ಜವಲಕ್ಕಿ ಕಟ್ಟಿಕೊಂಡೆ. ತರಿತರಿಯಾಗಿ ಪುಡಿ ಮಾಡಿದ ಗಟ್ಟಿ ಅವಲಕ್ಕಿಯನ್ನು ಹುಣಸೆರಸ, ಬೆಲ್ಲ, ಸಾರಿನಪುಡಿ, ಉಪ್ಪಿನಲ್ಲಿ ಒಂದು ಗಂಟೆ ನೆನೆಸಿ, ಕಡಲೆಕಾಯಿಬೀಜದ ಒಗ್ಗರಣೆ ಕೊಟ್ಟರೆ ಸಂಜೆಯವರೆಗೂ ಹಳಸದು. ಗೇಟಿನ ಹೊರಗೆ ಒಬ್ಬ ಬಂದು, "ಅಮ್ಮಾ, ಇಷ್ಟು ಕೊಡಿ, ಓಡಿಸೋದೇ ಬೇಡ, ಕಾರ್ಡ್ ಮನೆಗೆ ಬರುತ್ತೆ" ಅಂದ. ಓಡಿಸಲು ಬಾರದ ಕಾರ್ಡು ಮಾವನವರನ್ನು ಆಸ್ಪತ್ರೆಗೆ ಕರೆದೊಯ್ಯುತ್ತದೆಯೇ? ಬೇಡ ಅಂದೆ. ಒಳಗೆ ಹೋಗಿ, ಮಗನ ವಯಸ್ಸಿನ ಹುಡುಗರೆಲ್ಲ ನೋಡುತ್ತಿರುವಾಗ, ಎಂಟರ ಎರಡನೇ ತಿರುವಿನಲ್ಲಿ ಕಾಲೂರಿದೆ. ಫೇಲು.

ಬಸ್ಸಿನಲ್ಲಿ ಬರುತ್ತಾ ಕಣ್ಣೀರು ಬಂತು, ಸುಳ್ಳೇಕೆ ಹೇಳಲಿ. ಎಸ್.ಎಸ್.ಎಲ್.ಸಿ. ಗಣಿತದಲ್ಲಿ ಹೀಗೆ ಒಮ್ಮೆ ಅತ್ತಿದ್ದೆ. ಏಳು ದಿನ ಕಳೆದ ಮೇಲೆ ಮತ್ತೆ ಹೋಗಬಹುದು. ಆ ಏಳು ದಿನವೂ ಕಣದಲ್ಲಿ ರಂಗೋಲಿ. ಎರಡನೇ ಸಲ ಸಾಹೇಬರ ಮುಖ ನೋಡದೆ, ಚಕ್ರ ನೋಡದೆ, ಆಚೆ ಕಂಬದ ಮೇಲೆ ಕೂತಿದ್ದ ಕಾಗೆಯನ್ನು ನೋಡುತ್ತಾ ತಿರುಗಿದೆ. "ಆಯ್ತಮ್ಮ, ಹೋಗಿ" ಅಂದರು.

ಕಾರ್ಡು ಅಂಚೆಯಲ್ಲಿ ಬಂತು, ಹತ್ತು ವರ್ಷದ್ದು. ಅದರಲ್ಲಿ ನನ್ನ ಮುಖ ಉಪ್ಪಿಟ್ಟು ಸೀದ ಹಾಗಿದೆ, ಇರಲಿ. ಮಗನ ಕೈಯಿಂದ ಕೀಲಿ ಇಸಿದುಕೊಂಡಿದ್ದೇನೆ; ಹದಿನೆಂಟರ ತನಕ ಅವನು ಸೈಕಲ್ಲೇ.

ಹೋದ ಸೋಮವಾರ ಮಾವನವರನ್ನು ನಂಜನಗೂಡಿಗೆ ಕರೆದುಕೊಂಡು ಹೋದೆ, ಡಾಕ್ಟರಿಗೆ ತೋರಿಸಿ, ಶ್ರೀಕಂಠೇಶ್ವರನಿಗೆ ಕೈಮುಗಿದು ಬರೋಣವೆಂದು. ದಾರಿಯುದ್ದಕ್ಕೂ ಹಿಂದಿನಿಂದ "ಹಾರ್ನ್ ಹೊಡಿ, ಎಡಕ್ಕೆ ಬಾ, ಹಸು ಬಂತು" ಎನ್ನುತ್ತಲೇ ಇದ್ದರು. ದೇವಸ್ಥಾನದ ಮುಂದೆ ಇಳಿದು, ಹೆಲ್ಮೆಟ್ ತೆಗೆದು ನನ್ನ ಕೈಗೆ ಕೊಡುತ್ತಾ, "ಚೆನ್ನಾಗೇ ಓಡಿಸ್ತೀಯ. ಆದ್ರೂ ಗೇರಿಲ್ದೆ ಇರೋ ಗಾಡಿ ಒಂದು ಗಾಡೀನಾ?" ಅಂದರು.