ಅರ್ಥದ ಗುತ್ತಿಗೆ ನಮ್ಮದಲ್ಲ



ಭಾನುವಾರದ ಪ್ರಬೋಧನೆಯಲ್ಲಿ, ತಪಸ್ಸುಕಾಲದ ಧ್ಯಾನಕೂಟದಲ್ಲಿ, ಸಮಾಧಿಭೂಮಿಯಲ್ಲಿ ಶವಪೆಟ್ಟಿಗೆಯ ಬಳಿ ನಿಂತು ಆಡುವ ನಾಲ್ಕು ಮಾತುಗಳಲ್ಲಿ ಒಂದು ವಾಕ್ಯವನ್ನು ನೀವು ಒಮ್ಮೆಯಾದರೂ ಕೇಳಿಯೇ ಇರುತ್ತೀರಿ: ದೇವರನ್ನು ನಂಬದವನ ಬಾಳಿಗೆ ಅರ್ಥವಿಲ್ಲ. ಕೇಳಿ ತಲೆದೂಗಿಯೂ ಇರುತ್ತೀರಿ. ತಲೆದೂಗುವುದು ಸುಲಭ, ಏಕೆಂದರೆ ಆ ವಾಕ್ಯ ನಮ್ಮನ್ನು ಹೊಗಳುತ್ತದೆ. ನಮ್ಮ ಬಾಳು ಗಟ್ಟಿ ಕಾಳು, ಪಕ್ಕದ ಮನೆಯ ನಾಸ್ತಿಕನ ಬಾಳು ಬರಿಯ ಹೊಟ್ಟು ಎಂದು ಅದು ನಮ್ಮ ಕಿವಿಯಲ್ಲಿ ಪಿಸುಗುಟ್ಟುತ್ತದೆ.

ಈ ವಾಕ್ಯ ಸುಳ್ಳೆಂದೂ, ಅದನ್ನು ಆಡುವುದರಿಂದ ನಮ್ಮ ಮನೆಗಳಿಗೇ ಕೇಡಾಗುತ್ತಿದೆಯೆಂದೂ ನಾನು ಇಲ್ಲಿ ವಾದಿಸುತ್ತೇನೆ. ಬಲಿಪೂಜೆ, ಜಪಸರಗಳನ್ನು ಬಿಡದ ವಿಶ್ವಾಸಿಯಾಗಿಯೇ ವಾದಿಸುತ್ತೇನೆ. ಹೊರಗಿನವರು ಇದನ್ನು ಹೇಳಿದರೆ ನಾವು ಕಿವಿಗೊಡುವುದಿಲ್ಲ. ಆದುದರಿಂದ ಒಳಗಿನವರೇ ಹೇಳಬೇಕಾಗಿದೆ.

ಮೊದಲು ನಮ್ಮ ಊರಿನ ಸುತ್ತಲೇ ಕಣ್ಣು ಹಾಯಿಸೋಣ. ತುಮಕೂರಿನಿಂದ ಬೆಂಗಳೂರಿನ ಕಡೆಗೆ ಹೋಗುವಾಗ ಹೆದ್ದಾರಿಯಿಂದ ಸ್ವಲ್ಪ ಒಳಗೆ, ಪಂಡಿತನಹಳ್ಳಿಯಲ್ಲಿ ಮಂದರಗಿರಿ ಇದೆ. ಜನ ಅದನ್ನು ಬಸದಿ ಬೆಟ್ಟ ಎನ್ನುತ್ತಾರೆ. ನಿಮ್ಮಲ್ಲಿ ಅನೇಕರು ರಜೆಯ ದಿನ ಮಕ್ಕಳನ್ನು ಕರೆದುಕೊಂಡು ಹೋಗಿ ಬೆಟ್ಟದ ಮೇಲಿನ ಹಳೆಯ ಬಸದಿಗಳನ್ನೂ, ಕೆಳಗೆ ಕಟ್ಟಿರುವ ನವಿಲುಗರಿಯ ಪಿಂಚಿಯ ಆಕಾರದ ಗುರುಮಂದಿರವನ್ನೂ ನೋಡಿ ಬಂದಿದ್ದೀರಿ. ಆ ಬಸದಿಗಳನ್ನು ಕಟ್ಟಿದವರ ಸಿದ್ಧಾಂತವೇನೆಂದು ಮಕ್ಕಳಿಗೆ ಹೇಳಿದ್ದೀರಾ? ಜಗತ್ತನ್ನು ಸೃಷ್ಟಿಸಿ, ನಡೆಸಿ, ಕೊನೆಗೆ ತೀರ್ಪು ನೀಡುವ ಒಬ್ಬ ದೇವರನ್ನು ಜೈನಮತ ಒಪ್ಪುವುದಿಲ್ಲ. ಲೋಕಕ್ಕೆ ಆದಿಯಿಲ್ಲ, ಅಂತ್ಯವಿಲ್ಲ. ತೀರ್ಥಂಕರರು ಸೃಷ್ಟಿಕರ್ತರಲ್ಲ, ತಾವು ದಾಟಿ ಇತರರಿಗೆ ದಾರಿ ತೋರಿದವರು. ಹೀಗೆ ನಂಬಿದವರು ಕನ್ನಡ ನಾಡಿನಲ್ಲಿ ಸಾವಿರಕ್ಕೂ ಹೆಚ್ಚು ವರ್ಷ ಬಾಳಿದ್ದಾರೆ. ಅಹಿಂಸೆಗಾಗಿ ನಾಲಿಗೆಯ ಚಪಲವನ್ನೂ ನಡಿಗೆಯ ವೇಗವನ್ನೂ ಕಟ್ಟಿಹಾಕಿದ್ದಾರೆ. ಚಾವುಂಡರಾಯ ಶ್ರವಣಬೆಳಗೊಳದಲ್ಲಿ ಗೊಮ್ಮಟನನ್ನು ನಿಲ್ಲಿಸಿದ್ದು 981ರಲ್ಲಿ. ಅದಕ್ಕೂ ಮುಂಚೆ, 941ರ ಸುಮಾರಿಗೆ, ಪಂಪ ತನ್ನ ಎರಡು ಮಹಾಕಾವ್ಯಗಳನ್ನು ಬರೆದಿದ್ದ. ಪೊನ್ನ, ರನ್ನರೂ ಅದೇ ಮತದವರು. ನಾವಿಂದು ಪರಲೋಕ ಮಂತ್ರ ಜಪಿಸುವ ಈ ಕನ್ನಡವನ್ನು ಕಾವ್ಯದ ಎತ್ತರಕ್ಕೆ ಏರಿಸಿದವರು ಸೃಷ್ಟಿಕರ್ತನನ್ನು ಒಪ್ಪದ ಜನ. ಅವರ ಬಾಳು ಅರ್ಥಹೀನವಾಗಿತ್ತೆಂದು ಅವರದೇ ಭಾಷೆಯಲ್ಲಿ ಪ್ರಬೋಧಿಸುವುದು ಎಂಥ ವಿಪರ್ಯಾಸ!

ಬೆಟ್ಟದಿಂದ ಊರಿಗೆ ಬಂದರೂ ಇದೇ ಮಾತು. ನಮ್ಮ ಜಿಲ್ಲೆಯ ದಲಿತ ಕೇರಿಗಳ ಎಷ್ಟೋ ಮನೆಗಳಲ್ಲಿ ಬುದ್ಧ ಮತ್ತು ಅಂಬೇಡ್ಕರರ ಚಿತ್ರಗಳು ಜೊತೆಯಾಗಿ ತೂಗುತ್ತವೆ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅಂಬೇಡ್ಕರರು ಹಿಡಿದ ದಾರಿ ಸೃಷ್ಟಿಕರ್ತ ದೇವರ ಮೇಲೆ ನಿಂತದ್ದಲ್ಲ. ತುಮಕೂರಿನ ಕವಿ, 2019ರಲ್ಲಿ ನಮ್ಮನ್ನಗಲಿದ ಕೆ.ಬಿ. ಸಿದ್ದಯ್ಯನವರು ತಮ್ಮ ಒಂದು ಖಂಡಕಾವ್ಯಕ್ಕೆ ‘ಅನಾತ್ಮ’ ಎಂದೇ ಹೆಸರಿಟ್ಟರು. ಶತಮಾನಗಳ ಕಾಲ ದೇವರ ಹೆಸರಿನಲ್ಲೇ ಹೊರಗೆ ನಿಲ್ಲಿಸಲ್ಪಟ್ಟ ಜನ ಆ ಹೆಸರನ್ನು ಬಿಟ್ಟು ತಲೆಯೆತ್ತಿ ನಡೆದರೆ, ಅದನ್ನು ಶೂನ್ಯವೆನ್ನಲು ನಮಗೇನು ಅಧಿಕಾರ?

ಇವೆಲ್ಲ ಧರ್ಮಗಳೇ ತಾನೆ, ಬಸದಿ ವಿಹಾರಗಳಿವೆ, ವ್ರತಗಳಿವೆ ಎಂದು ನೀವು ಹೇಳಬಹುದು. ನಿಜ. ಹಾಗಾದರೆ ಯಾವ ಧರ್ಮವೂ ಬೇಡವೆಂದ ಒಬ್ಬನನ್ನೇ ಪರೀಕ್ಷಿಸೋಣ. ಕನ್ನಡಿಗರಿಗೆ ಕೂಡಲೇ ನೆನಪಾಗುವ ಹೆಸರು ಡಾ. ಎಚ್. ನರಸಿಂಹಯ್ಯನವರದು, ಆದರೆ ಅವರ ಪ್ರಸಿದ್ಧ ಹೋರಾಟ ಪವಾಡಗಳ ಕುರಿತದ್ದು. ನಮಗೆ ಬೇಕಾಗಿರುವುದು ನಾಸ್ತಿಕನೆಂದು ತನ್ನನ್ನು ತಾನೇ ಕರೆದುಕೊಂಡವನು. ನಮ್ಮ ಪಾವಗಡದ ಗಡಿ ದಾಟಿದರೆ ಸಿಗುವ ಆಂಧ್ರದಲ್ಲಿ ಅಂಥವರೊಬ್ಬರಿದ್ದರು: ಗೋಪರಾಜು ರಾಮಚಂದ್ರ ರಾವ್, ಜನ ಕರೆದಂತೆ ಗೋರಾ (1902-1975). ಸಸ್ಯಶಾಸ್ತ್ರದ ಅಧ್ಯಾಪಕರು. ಬ್ರಾಹ್ಮಣ ಕುಟುಂಬದಲ್ಲಿ ಹುಟ್ಟಿ ಜನಿವಾರ ಕಳಚಿದವರು. ದೇವರಿಲ್ಲವೆಂದು ಬಹಿರಂಗವಾಗಿ ಹೇಳಿ ಕಾಲೇಜಿನ ಕೆಲಸ ಕಳೆದುಕೊಂಡರು. 1940ರಲ್ಲಿ ಪತ್ನಿ ಸರಸ್ವತಿಯವರೊಡನೆ ಕೃಷ್ಣಾ ಜಿಲ್ಲೆಯ ಮುದುನೂರಿನಲ್ಲಿ ನಾಸ್ತಿಕ ಕೇಂದ್ರವನ್ನು ಆರಂಭಿಸಿದರು. 1947ರಲ್ಲಿ ಅದು ವಿಜಯವಾಡಕ್ಕೆ ಬಂದಿತು. ಆ ಕೇಂದ್ರ ಮಾಡಿದ್ದೇನು? ಅಸ್ಪೃಶ್ಯತೆಯ ವಿರುದ್ಧ ಸಹಪಂಕ್ತಿ ಭೋಜನ, ವಯಸ್ಕರಿಗೆ ಅಕ್ಷರ, ಅಂತರ್ಜಾತಿ ವಿವಾಹ. ಗೋರಾ ತಮ್ಮ ಮಗಳು ಮನೋರಮಾಳನ್ನು ದಲಿತ ಯುವಕ ಅರ್ಜುನ ರಾವ್ ಅವರಿಗೆ ಕೊಟ್ಟು ಮದುವೆ ಮಾಡಲು ನಿಶ್ಚಯಿಸಿದಾಗ, ಸೇವಾಗ್ರಾಮದಲ್ಲಿ ತಾನೇ ಅದನ್ನು ನೆರವೇರಿಸುವುದಾಗಿ ಗಾಂಧೀಜಿ ಒಪ್ಪಿದರು. ನಾಸ್ತಿಕರ ಮನಸ್ಸಿಗೆ ನೋವಾಗಬಾರದೆಂದು ವಿಧಿಯಲ್ಲಿ ದೇವರ ಹೆಸರಿನ ಬದಲು ಸತ್ಯದ ಹೆಸರನ್ನು ಹೇಳಲೂ ಅವರು ಸಿದ್ಧರಿದ್ದರು. 1948ರ ಜನವರಿ 30ರಂದು ಗುಂಡಿಗೆ ಬಲಿಯಾದದ್ದರಿಂದ ಆ ಮದುವೆಯನ್ನು ಅವರು ಕಾಣಲಿಲ್ಲ. ಅದೇ ವರ್ಷದ ಮಾರ್ಚ್‌ನಲ್ಲಿ ಅದು ಸೇವಾಗ್ರಾಮದಲ್ಲಿಯೇ ನಡೆಯಿತು.

ಪ್ರತಿ ಸಂಜೆ ತಪ್ಪದೆ ಪ್ರಾರ್ಥನೆ ಮಾಡುತ್ತಿದ್ದ ಗಾಂಧೀಜಿ ಈ ಮನುಷ್ಯನಲ್ಲಿ ಶೂನ್ಯವನ್ನು ಕಾಣಲಿಲ್ಲ, ಜೊತೆಗಾರನನ್ನು ಕಂಡರು. ಗೋರಾ ಅವರ ಮಗ ಲವಣಂ ಮತ್ತು ಸೊಸೆ ಹೇಮಲತಾ, ‘ಅಪರಾಧಿ ಬುಡಕಟ್ಟು’ ಎಂಬ ಹಣೆಪಟ್ಟಿ ಹೊತ್ತ ಜನರಿದ್ದ ಸ್ಟುವರ್ಟ್‌ಪುರಂನಲ್ಲಿ ವರ್ಷಗಟ್ಟಲೆ ದುಡಿದರು. ಆ ವಸಾಹತನ್ನು ಬ್ರಿಟಿಷರ ಕಾಲದಲ್ಲಿ ನಡೆಸಿದ್ದು ಕ್ರೈಸ್ತರ ಸಾಲ್ವೇಷನ್ ಆರ್ಮಿ. ಒಂದೇ ಊರಿನ ಅದೇ ಜನರ ನಡುವೆ ಮೊದಲು ವಿಶ್ವಾಸಿಗಳು, ಬಳಿಕ ನಾಸ್ತಿಕರು. ಆ ಊರಿನ ತಾಯಿಯೊಬ್ಬಳ ಮುಂದೆ ನಿಂತು, ಮೊದಲು ಬಂದವರ ಬಾಳಿಗಷ್ಟೇ ಅರ್ಥವಿತ್ತು, ಆಮೇಲೆ ಬಂದವರದ್ದಕ್ಕಿಲ್ಲ ಎಂದು ಹೇಳಲು ನಿಮಗೆ ನಾಲಿಗೆ ಏಳುತ್ತದೆಯೆ?

ವಾಸ್ತವವಾಗಿ ತುಮಕೂರಿನ ನಾವು ಈ ವಾಕ್ಯವನ್ನು ಆಚರಣೆಯಲ್ಲಿ ಎಂದೋ ಕೈಬಿಟ್ಟಿದ್ದೇವೆ. 2019ರ ಜನವರಿ 21ರಂದು ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮಿಗಳು 111ನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದಾಗ ಲಕ್ಷಾಂತರ ಜನ ಮಠದ ಕಡೆಗೆ ನಡೆದರು. ಕ್ರಿಸ್ತನನ್ನು ಅರಿಯದ ಬಾಳು ವ್ಯರ್ಥ ಎಂದು ಆ ದಿನ ಹೇಳುವ ಕ್ರೈಸ್ತನೊಬ್ಬನೂ ಈ ಊರಿನಲ್ಲಿ ಇರಲಾರ. ಅವರ ವಿಷಯದಲ್ಲಿ ನಮ್ಮ ಸಿದ್ಧಾಂತ ಸದ್ದಿಲ್ಲದೆ ಸಡಿಲಗೊಂಡಿತು. ಅವರು ದೇವರನ್ನು ನಂಬಿದ್ದರಲ್ಲ ಎನ್ನುತ್ತೀರೋ? ಹೌದು, ಶಿವಭಕ್ತಿಯೇ ಅವರ ಉಸಿರು. ಆದರೆ ದಾಸೋಹದ ಪಂಕ್ತಿಯನ್ನು ನೋಡಿ. ಎಲ್ಲ ಜಾತಿ ಮತಗಳ ಸಾವಿರಾರು ಮಕ್ಕಳು ಅಲ್ಲಿ ಉಂಡು, ಓದಿ, ಬೆಳೆದು ಹೋಗಿದ್ದಾರೆ. ನಿನ್ನ ನಂಬಿಕೆ ಯಾವುದೆಂದು ಕೇಳಿ ಮುದ್ದೆ ಬಡಿಸಿದವರಲ್ಲ ಅವರು. ನಂಬಿಕೆಯುಳ್ಳವರು ನಂಬಿಕೆಯಿಲ್ಲದವರನ್ನು ಹೀಯಾಳಿಸದೆ ಬಾಳಬಹುದೆಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ನಮಗೆ ಬೇಕೆ?

ಇನ್ನು ಕೇಡಿನ ಮಾತು. 1840ರ ಸುಮಾರಿಗೆ ಗುಬ್ಬಿಯಲ್ಲಿ ವಿಲಿಯಂ ಆರ್ಥರ್ ಎಂಬ ವೆಸ್ಲಿಯನ್ ಮಿಷನರಿ ಇದ್ದರು. ಕನ್ನಡ ಕಲಿತು ಜನರೊಡನೆ ವಾದಿಸಿದರು. ಮೈಸೂರು ಸೀಮೆಯ ಆ ಅನುಭವವನ್ನು 1847ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಅಂದಿನ ಗುಬ್ಬಿಯ ಪ್ರಶ್ನೆ, ಯಾವ ದೇವರು ನಿಜವಾದ ದೇವರು ಎಂಬುದು. ಇಂದಿನ ಗುಬ್ಬಿ ಬೇರೆ. ಅದೇ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರುವರಿ 6ರಂದು ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು. ಅಂಥ ಕಾರ್ಖಾನೆಯ ಕೆಲಸದ ಕನಸಿಟ್ಟುಕೊಂಡು ಓದುವ ಹುಡುಗ, ದೇವರೇ ಇದ್ದಾನೆಯೆ ಎಂದು ಕೇಳುತ್ತಾನೆ. ನಮ್ಮ ಧರ್ಮೋಪದೇಶ ತರಗತಿ ಮಾತ್ರ ಇನ್ನೂ ಆರ್ಥರನ ಕಾಲದ ಪ್ರಶ್ನೆಗೇ ಉತ್ತರ ಹೇಳುತ್ತಿದೆ. ಉತ್ತರ ಸಾಲದಾದಾಗ, ದೇವರಿಲ್ಲದಿದ್ದರೆ ನಿನ್ನ ಬಾಳಿಗೆ ಅರ್ಥವಿಲ್ಲ ಎಂಬ ಬೆದರಿಕೆಯನ್ನು ಒಡ್ಡುತ್ತದೆ. ಹುಡುಗ ಸುತ್ತ ನೋಡುತ್ತಾನೆ. ದೇವರ ಹೆಸರೆತ್ತದ ತನ್ನ ಗಣಿತದ ಮೇಷ್ಟ್ರು ಸಂಜೆ ಎರಡು ಗಂಟೆ ಬಡ ಮಕ್ಕಳಿಗೆ ಬಿಟ್ಟಿ ಪಾಠ ಹೇಳುತ್ತಾರೆ, ಸಂತೋಷವಾಗಿಯೂ ಇದ್ದಾರೆ. ಹಾಗಾದರೆ ಸುಳ್ಳು ಹೇಳಿದ್ದು ಯಾರು? ಈ ಒಂದು ವಿಷಯದಲ್ಲಿ ಸುಳ್ಳು ಹೇಳಿದವರು ಪುನರುತ್ಥಾನದ ವಿಷಯದಲ್ಲಿ ನಿಜ ಹೇಳುತ್ತಾರೆಂದು ಅವನು ಏಕೆ ನಂಬಬೇಕು? ನಾವೇ ಕೈಹಿಡಿದು ಅವನನ್ನು ಬಾಗಿಲಿನಿಂದಾಚೆ ಕಳಿಸುತ್ತಿದ್ದೇವೆ. ನಾಸ್ತಿಕತೆ ಹುಟ್ಟುವುದರಲ್ಲಿ ವಿಶ್ವಾಸಿಗಳ ಪಾಲು ಸಣ್ಣದಲ್ಲವೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆಯೇ 1965ರಲ್ಲಿ, ಆಧುನಿಕ ಜಗತ್ತಿನಲ್ಲಿ ಧರ್ಮಸಭೆಯನ್ನು ಕುರಿತ ತನ್ನ ಸಂವಿಧಾನದ 19ನೆಯ ವಿಭಾಗದಲ್ಲಿ ಒಪ್ಪಿಕೊಂಡಿದೆ. ಅದನ್ನು ನಮ್ಮ ಪೀಠಗಳಿಂದ ಎಷ್ಟು ಸಲ ಓದಿದ್ದೇವೆ?

ಇದಕ್ಕಿಂತ ಘೋರವಾದ ಕೇಡು ಇನ್ನೊಂದಿದೆ. ಬಾಳು ಬೇಡವೆನಿಸುವ ಖಿನ್ನತೆ ಒಂದು ಕಾಯಿಲೆ. ಅದು ದೇವರನ್ನು ನಂಬಿದವರಿಗೂ ಬರುತ್ತದೆ, ನಂಬದವರಿಗೂ ಬರುತ್ತದೆ, ಮಧುಮೇಹ ಬರುವ ಹಾಗೆ. ಆದರೆ ನಮ್ಮ ಮನೆಗಳಲ್ಲಿ, ಯಾವುದರಲ್ಲೂ ಅರ್ಥ ಕಾಣುತ್ತಿಲ್ಲವೆಂದು ಮಗಳು ಬಾಯಿಬಿಟ್ಟರೆ ತಕ್ಷಣ ಸಿಗುವ ಉತ್ತರ, ನೀನು ಸರಿಯಾಗಿ ಪ್ರಾರ್ಥಿಸುತ್ತಿಲ್ಲ ಎಂಬುದು. ರೋಗದ ಭಾರದ ಮೇಲೆ ಪಾಪದ ಭಾರವನ್ನೂ ಹೇರುತ್ತೇವೆ. ಅವಳು ಮತ್ತೆ ಬಾಯಿಬಿಡುವುದಿಲ್ಲ. ಪ್ರಾರ್ಥಿಸಿ, ಖಂಡಿತ ಪ್ರಾರ್ಥಿಸಿ. ಆದರೆ ವೈದ್ಯರ ಬಳಿಗೂ ಕರೆದೊಯ್ಯಿರಿ. 2022ರಲ್ಲಿ ಆರಂಭವಾದ ‘ಟೆಲಿ ಮಾನಸ್’ ಸಹಾಯವಾಣಿಯ ಸಂಖ್ಯೆ 14416. ಕನ್ನಡದಲ್ಲಿಯೂ ಮಾತನಾಡಬಹುದು, ಹಣ ಕೊಡಬೇಕಾಗಿಲ್ಲ. ಈ ಸಂಖ್ಯೆ ಪ್ರತಿ ಧರ್ಮಕೇಂದ್ರದ ಸೂಚನಾ ಫಲಕದ ಮೇಲೆ ಇರಬೇಕು.

ನಂಬಿದವನಿಗೆ ಅರ್ಥ ಸದಾ ಕೈಯಲ್ಲಿರುತ್ತದೆಂಬುದಾದರೂ ನಿಜವೆ? ಬೈಬಲಿನ ಉಪದೇಶಕ ಗ್ರಂಥವನ್ನು ತೆರೆಯಿರಿ. ಎಲ್ಲವೂ ವ್ಯರ್ಥವೆಂದು ಕೂಗುವವನು ನಾಸ್ತಿಕನಲ್ಲ, ದೇವರಿಗೆ ಅಂಜಿ ನಡೆದವನು. ಅವನ ಮಾತನ್ನು ನಮ್ಮ ಪೂರ್ವಿಕರು ಪವಿತ್ರ ಗ್ರಂಥದಿಂದ ಕಿತ್ತುಹಾಕಲಿಲ್ಲ. 2007ರಲ್ಲಿ ಕೋಲ್ಕತ್ತದ ತೆರೇಸಮ್ಮನವರ ಪತ್ರಗಳು ಪುಸ್ತಕವಾಗಿ ಹೊರಬಂದಾಗ ಅನೇಕ ಭಕ್ತರು ಬೆಚ್ಚಿದರು. ಸುಮಾರು ಐವತ್ತು ವರ್ಷ ಆ ತಾಯಿ ದೇವರ ಸಾನ್ನಿಧ್ಯದ ಅನುಭವವಿಲ್ಲದ ಕತ್ತಲೆಯಲ್ಲಿ ನಡೆದಿದ್ದರು. ಧರ್ಮಸಭೆ ಅದನ್ನು ಬಲ್ಲದಾಗಿದ್ದೂ 2016ರ ಸೆಪ್ಟೆಂಬರ್ 4ರಂದು ಅವರನ್ನು ಸಂತರ ಸಾಲಿಗೆ ಸೇರಿಸಿತು. ಬೀದಿಯಲ್ಲಿ ಸಾಯುತ್ತಿದ್ದವನ ತಲೆಯನ್ನು ಮಡಿಲಲ್ಲಿಟ್ಟುಕೊಂಡಾಗ ಅವರ ಒಳಗೆ ಬೆಳಕಿತ್ತೋ ಇಲ್ಲವೋ ಎಂದು ಆ ಸಾಯುವವನು ವಿಚಾರಿಸಲಿಲ್ಲ. ಮತ್ತಾಯನ ಶುಭಸಂದೇಶದ 25ನೆಯ ಅಧ್ಯಾಯದಲ್ಲಿ ಪ್ರಭುವಿನ ಬಲಗಡೆ ನಿಂತವರಂತೂ, ತಾವು ಸೇವೆ ಮಾಡಿದ್ದು ಪ್ರಭುವಿಗೆ ಎಂಬುದನ್ನೇ ಅರಿಯದೆ ಬೆರಗಾಗುತ್ತಾರೆ. ಆ ಬೆರಗಿನವರ ಗುಂಪಿನಲ್ಲಿ ಗೋರಾ ಇರಲಾರರೆಂದು ಪ್ರಮಾಣ ಮಾಡಿ ಹೇಳಲು ನಾನಂತೂ ಸಿದ್ಧನಿಲ್ಲ.

ನನ್ನ ವಾದಕ್ಕೆ ಎದುರಾಗಿ ತೂಕವುಳ್ಳ ಆಕ್ಷೇಪಣೆಯೊಂದಿದೆ. ಅದೇ ವ್ಯಾಟಿಕನ್ ದಾಖಲೆ 21ನೆಯ ವಿಭಾಗದಲ್ಲಿ, ದೇವರ ಆಧಾರವೂ ನಿತ್ಯಜೀವದ ಭರವಸೆಯೂ ಇಲ್ಲದಿದ್ದರೆ ಮನುಷ್ಯನ ಘನತೆಗೆ ಗಾಯವಾಗುತ್ತದೆ, ಸಾವು ನೋವುಗಳ ಒಗಟು ಬಿಡಿಸಲಾಗದೆ ಉಳಿಯುತ್ತದೆ ಎನ್ನುತ್ತದೆ. ನಾನು ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಒಗಟು ಉಳಿಯುವುದು ಬೇರೆ, ಬಾಳು ಅರ್ಥಹೀನವಾಗುವುದು ಬೇರೆ. ಮಗುವನ್ನು ಕಳೆದುಕೊಂಡ ತಾಯಿಗೆ, ಆಕೆ ಎಷ್ಟೇ ವಿಶ್ವಾಸಿಯಾಗಿರಲಿ, ಒಗಟು ಉಳಿದೇ ಇರುತ್ತದೆ. ವಿಶ್ವಾಸ ಆಕೆಗೆ ಕೊಡುವುದು ಒಗಟಿನ ಉತ್ತರವನ್ನಲ್ಲ. ಆ ಒಗಟನ್ನು ಯಾರ ಮುಂದಿಟ್ಟು ಅಳಬೇಕು, ಯಾರೊಡನೆ ಜಗಳವಾಡಬೇಕು, ಒಂದು ದಿನ ಯಾರಿಗೆ ವಂದಿಸಬೇಕು ಎಂಬುದನ್ನು. ಅದು ದೊಡ್ಡ ವರ. ಅದು ನನಗಿರುವುದಕ್ಕೆ ನಾನು ಕೃತಜ್ಞ. ಅದಿಲ್ಲದವನು ಒಂಟಿಯಾಗಿ ಅತ್ತಿರಬಹುದು. ಆದರೆ ಬೆಳಗೆದ್ದು ಅವನೂ ಹೊಲಕ್ಕೆ ನೀರು ಬಿಡುತ್ತಾನೆ, ಮಕ್ಕಳ ಫೀಸು ಕಟ್ಟುತ್ತಾನೆ, ನೆರೆಯವನ ಜಾಮೀನಿಗೆ ಸಹಿ ಹಾಕುತ್ತಾನೆ. (ವಿಶ್ವಾಸಿಗಳೆಲ್ಲ ಮೂಢರೆಂದು ಭಾಷಣ ಮಾಡುವ ವಿಚಾರವಾದಿಗಳೂ ಇದ್ದಾರೆ. ನಮ್ಮ ವಾಕ್ಯವನ್ನೇ ಅವರು ತಿರುಗಿಸಿ ಹಿಡಿದಿದ್ದಾರೆ, ಅಷ್ಟೆ. ಅವರಿಗೆ ಬೇರೆ ಪತ್ರಿಕೆಯಲ್ಲಿ ಉತ್ತರ ಕೊಡೋಣ.)

ಮಾಡಬೇಕಾದದ್ದು ಕಷ್ಟದ ಕೆಲಸವೇನಲ್ಲ. ದೃಢೀಕರಣ ಸಂಸ್ಕಾರಕ್ಕೆ ಸಿದ್ಧರಾಗುವ ಮಕ್ಕಳ ತರಗತಿಯಲ್ಲಿ ಈ ವಾಕ್ಯವನ್ನು ಹೇಳಿಕೊಡುವುದನ್ನು ಬಿಡೋಣ. ಅದರ ಬದಲು ಒಂದು ಭಾನುವಾರ ಆ ಮಕ್ಕಳನ್ನು ಮಂದರಗಿರಿಗೂ ಸಿದ್ಧಗಂಗೆಗೂ ಕರೆದೊಯ್ಯೋಣ. ದೇವರನ್ನು ನಂಬದ ಒಳ್ಳೆಯ ಶಿಕ್ಷಕರೊಬ್ಬರನ್ನು ಯುವಕೂಟಕ್ಕೆ ಕರೆದು, ಬೆಳಗ್ಗೆ ಏಳುವುದು ಯಾವುದಕ್ಕಾಗಿ ಎಂದು ಕೇಳೋಣ. ನಮ್ಮ ಮಕ್ಕಳು ನಮ್ಮನ್ನೂ ಅದೇ ಪ್ರಶ್ನೆ ಕೇಳಿದರೆ ಉತ್ತರ ಸಿದ್ಧವಿರಲಿ.

ಮತ್ತು ಸಮಾಧಿಭೂಮಿಯಲ್ಲಿ ಮೈಕು ಹಿಡಿಯುವವರು ಒಂದು ಗಳಿಗೆ ಎದುರಿನವರ ಮುಖಗಳನ್ನು ನೋಡಲಿ. ಕುಣಿಗಲ್ಲಿನಂಥ ಊರಿನಿಂದ ಬೆಂಗಳೂರಿಗೆ ದುಡಿಯಲು ಹೋಗಿ, ಅಲ್ಲಿ ಎಂದೋ ದೇವಾಲಯ ಬಿಟ್ಟ ಮಗನನ್ನು ನೀವೂ ಬಲ್ಲಿರಿ. ಹಾಸಿಗೆ ಹಿಡಿದ ತಾಯಿಗಾಗಿ ಕೆಲಸ ಬಿಟ್ಟು ಬಂದು, ನಾಲ್ಕು ವರ್ಷ ಆಕೆಯ ಮೈ ತೊಳೆದು, ಗಂಜಿ ಕುಡಿಸಿ, ಆಕೆ ಕೇಳಿದಾಗಲೆಲ್ಲ ತಾನು ನಂಬದ ಜಪಸರವನ್ನು ತಪ್ಪಿಲ್ಲದೆ ಹೇಳಿಕೊಟ್ಟವನು. ಈಗ ಅವನು ಶವಪೆಟ್ಟಿಗೆಯ ಪಕ್ಕದಲ್ಲಿ ಮಣ್ಣು ಹಿಡಿದುಕೊಂಡು ನಿಂತಿದ್ದಾನೆ. ಆ ವಾಕ್ಯವನ್ನು ಅವನ ಮುಖ ನೋಡಿ ಹೇಳುವವರು ಯಾರು?